ಕಿರಾಣಿ ಚೀಟಿಯ ಲೆಕ್ಕ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು ಈ ಶಾಲೆಯಲ್ಲಿ 2006ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವನು. ಆಮೇಲೆ ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಬಿ.ಇ. ಮುಗಿಸಿ ಬೆಂಗಳೂರು ಸೇರಿದೆ. ಸಂಘಟಕರು ಫೋನ್ ಮಾಡಿ, "ಸಾಫ್ಟ್‌ವೇರ್ ಕ್ಷೇತ್ರದಾಗ ಅವಕಾಶಗಳು ಅಂತ ಒಂದ್ ಇಪ್ಪತ್ತು ನಿಮಿಷ ಮಾತಾಡ್ರಿ" ಅಂದರು. ಆ ವಿಷಯ ನಿಮ್ಮ ಮೊಬೈಲಿನಲ್ಲಿ ನನಗಿಂತ ಚೆನ್ನಾಗಿ ಮಾತಾಡುವವರು ಬಹಳ ಇದ್ದಾರೆ. ನಾನು ಬೇರೆ ಒಂದು ವಿಷಯ ಕೇಳಿಕೊಂಡೆ. ಒಂದು ಮನೆಗೆ ತಿಂಗಳಿಗೆ ಕಿರಾಣಿ ಎಷ್ಟು ಬೇಕು? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗಲಿ ಬಿಡ್ರಿ" ಅಂದರು.

ಇದು ಶುರುವಾದದ್ದು ನಾನು ಹತ್ತನೆಯ ಇಯತ್ತೆಯಲ್ಲಿದ್ದಾಗ. ನಮ್ಮ ಅಪ್ಪ ಇಳಕಲ್‌ನಲ್ಲಿ ಕೈಮಗ್ಗದ ಮೇಲೆ ಸೀರೆ ನೇಯುತ್ತಿದ್ದ. ಅವ್ವ ಕಂಡಿಕೆ ಸುತ್ತುತ್ತಿದ್ದಳು. ಮಜೂರಿ ವಾರಕ್ಕೊಮ್ಮೆ ಬರುತ್ತಿತ್ತು. ಸೀರೆ ಮಗ್ಗದಿಂದ ಇಳಿಯದ ವಾರ ಬರುತ್ತಿರಲಿಲ್ಲ. ಕಿರಾಣಿ ಮಾತ್ರ ದಿನಾಲೂ ಬೇಕು. ಹೀಗಾಗಿ ಉದ್ರಿ. ಓಣಿಯ ಅಂಗಡಿಯಲ್ಲಿ ನಮ್ಮ ಹೆಸರಿನ ಒಂದು ಉದ್ದನೆಯ ಪುಸ್ತಕ ಇತ್ತು. ಎಣ್ಣೆ ಪಾವಕಿಲೋ, ಸಕ್ಕರೆ ಅರ್ಧ ಕಿಲೋ, ಚಹಾಪುಡಿ ಒಂದು ಪುಡಿಕೆ, ಎಲ್ಲ ಅದರಲ್ಲಿ ಏರುತ್ತಿತ್ತು.

ಆ ವರ್ಷ ಗಣಿತದ ಸರ್ ನಮಗೆ ಬಡ್ಡಿ ಲೆಕ್ಕ, ಶೇಕಡಾ ಲೆಕ್ಕ ತಿದ್ದಿ ತೀಡಿ ಕಲಿಸಿದ್ದರು. ಕಲಿತ ಹುಡುಗನ ಕೈ ಸುಮ್ಮನಿರುವುದಿಲ್ಲ. ಒಂದು ದಿನ ಅಂಗಡಿಯಲ್ಲಿ ನಿಂತು ಆ ಪುಸ್ತಕ ಮೊದಲಿನಿಂದ ಕೂಡಿಸಿದೆ. ಒಂದು ಪುಟದ ಕೊನೆಗೆ 1,415 ಅಂತ ಇತ್ತು. ಮುಂದಿನ ಪುಟದ ತಲೆಯ ಮೇಲೆ 1,755. ಒಟ್ಟು ಬಾಕಿ 2,870 ಎಂದು ಬರೆದಿತ್ತು, ನನ್ನ ಲೆಕ್ಕಕ್ಕೆ 2,530. ಮುನ್ನೂರಾ ನಲವತ್ತು ರೂಪಾಯಿ ಫರಕು. ನಾಲ್ಕು ಮಂದಿ ನಿಂತಾಗಲೇ ಗಟ್ಟಿಯಾಗಿ ಹೇಳಿದೆ. ಅಂಗಡಿಯವರು ಏನೂ ಅನ್ನಲಿಲ್ಲ, ತಕ್ಕಡಿ ಒರೆಸುತ್ತಾ ಕೂತರು. ಅವ್ವ ನನ್ನ ರಟ್ಟೆ ಹಿಡಿದು, "ಲೆಕ್ಕ ಬರೋಬರಿ ಐತಿ, ಸುಮ್ನ ಬಾ" ಎಂದು ಎಳೆದುಕೊಂಡು ಬಂದಳು. ಮನೆಗೆ ಬಂದು ನಾನು ಕಾಗದದ ಮೇಲೆ ಮತ್ತೊಮ್ಮೆ ಕೂಡಿಸಿ ತೋರಿಸಿದೆ. ಆಕೆ ನೋಡಲಿಲ್ಲ. ಮುಂದಿನ ವಾರ 2,870ಕ್ಕೇ ರೊಕ್ಕ ಕಟ್ಟತೊಡಗಿದಳು. ಅವ್ವಗೆ ಲೆಕ್ಕ ಬರುವುದಿಲ್ಲ ಎಂದು ಬಹಳ ವರ್ಷ ತಿಳಿದಿದ್ದೆ.

ಈಗ ಸ್ವಲ್ಪ ಪುಸ್ತಕದ ಮಾತು. 1857ರಲ್ಲಿ ಅರ್ನ್‌ಸ್ಟ್ ಏಂಗೆಲ್ ಎಂಬ ಜರ್ಮನ್ ಸಂಖ್ಯಾಶಾಸ್ತ್ರಜ್ಞ, ಕೂಲಿ ಮಾಡುವ ಕುಟುಂಬಗಳ ಖರ್ಚಿನ ಲೆಕ್ಕ ನೋಡಿ ಒಂದು ಮಾತು ಹೇಳಿದ. ಮನೆ ಎಷ್ಟು ಬಡತನದ್ದೋ, ಅದರ ಖರ್ಚಿನಲ್ಲಿ ಊಟದ ಪಾಲು ಅಷ್ಟು ದೊಡ್ಡದು. ಗಳಿಕೆ ಏರಿದಂತೆ ಊಟದ ರೊಕ್ಕ ಏರಬಹುದು, ಆದರೆ ಪಾಲು ಇಳಿಯುತ್ತದೆ. ನಮ್ಮ ದೇಶದ ರಾಷ್ಟ್ರೀಯ ಅಂಕಿಅಂಶ ಕಚೇರಿ ಮನೆಮನೆಗೆ ಹೋಗಿ ಇದನ್ನೇ ಕೇಳುತ್ತದೆ. 2023ರ ಆಗಸ್ಟ್‌ನಿಂದ 2024ರ ಜುಲೈವರೆಗಿನ ಸಮೀಕ್ಷೆಯಲ್ಲಿ ಹಳ್ಳಿಯ ಒಬ್ಬ ವ್ಯಕ್ತಿಯ ತಿಂಗಳ ಖರ್ಚು ದೇಶದ ಸರಾಸರಿಯಲ್ಲಿ 4,122 ರೂಪಾಯಿ, ಪಟ್ಟಣದಲ್ಲಿ 6,996. ಕರ್ನಾಟಕದಲ್ಲಿ ಹಳ್ಳಿಗೆ 4,903, ಪಟ್ಟಣಕ್ಕೆ 8,076. ಇದು ಬಟ್ಟೆ, ಬಸ್ಸು, ಔಷಧ, ಮೊಬೈಲ್ ಎಲ್ಲ ಸೇರಿ. ಅದರಲ್ಲಿ ಊಟ-ತಿನಿಸಿನ ಪಾಲು ದೇಶದ ಹಳ್ಳಿಗಳಲ್ಲಿ ಶೇಕಡಾ 47, ಪಟ್ಟಣಗಳಲ್ಲಿ ಸುಮಾರು 40. ಒಂಬತ್ತನೆಯ ಇಯತ್ತೆಯವರು ಬಾಯಿಲೆಕ್ಕ ಮಾಡಿ ನೋಡಿರಿ. ಹಳ್ಳಿಯ ನಾಲ್ಕು ಮಂದಿಯ ಮನೆಗೆ ತಿಂಗಳಿಗೆ 7,700ರ ಮೇಲೆ, ಪಟ್ಟಣದ ನಾಲ್ಕು ಮಂದಿಗೆ 11,100ರ ಆಸುಪಾಸು.

ಸರಾಸರಿ ಅನ್ನುವುದು ಯಾರ ಮನೆಯೂ ಅಲ್ಲ. ಹೋದ ಜುಲೈ ತಿಂಗಳು ನಾಲ್ಕು ಮನೆಯವರಿಗೆ ಒಂದೊಂದು ನೋಟ್‌ಬುಕ್ ಕೊಟ್ಟು, ದಿನಾಂಕ, ಸಾಮಾನು, ತೂಕ, ರೊಕ್ಕ ಬರೆದಿಡಿ ಎಂದು ಕೈಮುಗಿದು ಕೇಳಿಕೊಂಡೆ. ನಾಲ್ಕು ಮನೆ ನೋಡಿ ಜಿಲ್ಲೆಯ ಬಗ್ಗೆ ಏನನ್ನೂ ಹೇಳಲು ಬರುವುದಿಲ್ಲ, ಅದು ನನಗೂ ಗೊತ್ತು. ಆದರೂ ಕೇಳಿರಿ.

ಬಾಗಲಕೋಟೆ ನವನಗರದಲ್ಲಿ ಅಕ್ಕನ ಮನೆ. ಭಾವನಿಗೆ ತಿಂಗಳ ಪಗಾರ, ನಾಲ್ಕು ಮಂದಿ. ಕಿರಾಣಿ 7,100, ಹಾಲು 2,300, ಕಾಯಿಪಲ್ಲೆ-ಹಣ್ಣು 2,400, ಹೊರಗಿನ ತಿಂಡಿ 1,400. ಒಟ್ಟು 13,200. ಅಕ್ಕ ತಿಂಗಳ ಮೊದಲ ವಾರ ಎಲ್ಲವನ್ನೂ ಒಮ್ಮೆಲೇ ತರುತ್ತಾಳೆ. ಅಕ್ಕಿಯ ಚೀಲ 26 ಕಿಲೋದ್ದು. ಇಪ್ಪತ್ತೈದು ಬಿಟ್ಟು ಇಪ್ಪತ್ತಾರು ಯಾಕೆ ಎಂದು ಯಾರಾದರೂ ಯೋಚಿಸಿದ್ದೀರಾ? 2022ರ ಜುಲೈ 18ರಿಂದ 25 ಕಿಲೋವರೆಗಿನ, ಲೇಬಲ್ ಇರುವ ಧಾನ್ಯದ ಪ್ಯಾಕೆಟ್ಟುಗಳ ಮೇಲೆ ಶೇಕಡಾ 5 ಜಿಎಸ್‌ಟಿ ಬಂತು. ಚೀಲಕ್ಕೆ ಒಂದು ಕಿಲೋ ಹೆಚ್ಚು ತುಂಬಿದರೆ ತೆರಿಗೆ ಇಲ್ಲ. ಕಾಯ್ದೆ ಓದುವುದರಲ್ಲಿ ವ್ಯಾಪಾರಸ್ಥರು ನಮ್ಮೆಲ್ಲರಿಗಿಂತ ಮುಂದೆ.

ಬಾದಾಮಿ ತಾಲೂಕಿನ ಮಲಪ್ರಭಾ ದಂಡೆಯ ಹಳ್ಳಿಯಲ್ಲಿ ದೊಡ್ಡವ್ವನ ಮನೆ, ಆರು ಮಂದಿ. ಅಲ್ಲಿ ಕೈಯಿಂದ ಹೋದ ರೊಕ್ಕ ಬರೀ 6,300. ನಾನು ಮೊದಲು ಬೆರಗಾದೆ. ಆಮೇಲೆ ದೊಡ್ಡವ್ವನೇ ನಕ್ಕು, "ಜ್ವಾಳ ಹೊಲದ್ದು, ಹಾಲು ಎಮ್ಮಿದು, ತೊಗರಿ ಶೇಂಗಾ ನಮ್ಮವು. ಅದಕ್ಕ ಯಾರಿಗಿ ರೊಕ್ಕ ಕೊಡ್ಲಿ?" ಅಂದಳು. 45 ಕಿಲೋ ಜೋಳ, ದಿನಕ್ಕೆ ಒಂದೂವರೆ ಲೀಟರ್ ಹಾಲು, 5 ಕಿಲೋ ಬೇಳೆ, 4 ಕಿಲೋ ಶೇಂಗಾ, ಇವಕ್ಕೆ ಪೇಟೆಯ ಧಾರಣೆ ಹಚ್ಚಿದರೆ ಮತ್ತೆ 5,470 ಆಯಿತು. ಒಟ್ಟು 11,770. ಸರಕಾರದ ಸಮೀಕ್ಷೆಯವರೂ ಮನೆಯಲ್ಲಿ ಬೆಳೆದು ಉಂಡದ್ದಕ್ಕೆ ಬೆಲೆ ಕಟ್ಟಿಯೇ ಸೇರಿಸುತ್ತಾರೆ. 2019ರ ಆಗಸ್ಟ್‌ನಲ್ಲಿ ಮಲಪ್ರಭಾ ಏರಿ ಬಂದ ವರ್ಷ ಮಾತ್ರ ಆ ಮನೆಯವರೂ ಜೋಳ ಕೊಂಡು ತಿಂದರು. ದೊಡ್ಡವ್ವ ಅದನ್ನು ಹೇಳುವಾಗ ದನಿ ಇಳಿಸುತ್ತಾಳೆ, ನಾಚಿಕೆಯ ಸಂಗತಿ ಎಂಬಂತೆ.

ಹುನಗುಂದದಲ್ಲಿ ನನ್ನ ಗೆಳೆಯ ಟಂಟಂ ಓಡಿಸುತ್ತಾನೆ. ನಾಲ್ಕು ಮಂದಿ, ಒಟ್ಟು 8,700. ಈ ಮನೆಯ ನೋಟ್‌ಬುಕ್ ಎಲ್ಲಕ್ಕಿಂತ ದಪ್ಪ, ಯಾಕೆಂದರೆ ಅಂಗಡಿಗೆ ದಿನಾಲೂ ಹೋಗುತ್ತಾರೆ. ಸಂಜೆ ಎಷ್ಟು ದುಡಿಮೆ ಆಯಿತೋ ಅಷ್ಟರ ಸಾಮಾನು. ಇಪ್ಪತ್ತು ರೂಪಾಯಿಗೆ ಬಿಡಿ ಎಣ್ಣೆ ತಂದದ್ದನ್ನು ನಾನೇ ತೂಗಿದೆ, 110 ಗ್ರಾಮ್. ಕಿಲೋಕ್ಕೆ 182 ರೂಪಾಯಿ ಬಿತ್ತು. ಅದೇ ಅಂಗಡಿಯ ಒಂದು ಲೀಟರ್ ಪಾಕೀಟಿನಲ್ಲಿ 910 ಗ್ರಾಮ್ ಎಣ್ಣೆ, 145 ರೂಪಾಯಿ. ಕಿಲೋಕ್ಕೆ 159. ಹೀಗೆ ಎಲ್ಲ ಕೂಡಿಸಿದಾಗ, ಚಿಲ್ಲರೆಯಾಗಿ ಕೊಂಡ ಕಾರಣಕ್ಕೇ ತಿಂಗಳಿಗೆ 410 ರೂಪಾಯಿ ಹೆಚ್ಚು ಹೋಗಿತ್ತು. ನಾನು ದೊಡ್ಡ ಶೋಧ ಮಾಡಿದವನಂತೆ ಹೇಳಿದೆ. ಗೆಳೆಯನ ಹೆಂಡತಿ, "ಅಣ್ಣಾರ, ತಿಂಗಳ ಸಾಮಾನ ಒಮ್ಮೆಲೇ ತರಾಕ ರೊಕ್ಕಾನೂ ಒಮ್ಮೆಲೇ ಬೇಕಲ್ರಿ" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದು ಸಮಾಧಾನ ಎಂದರೆ ಶಾಂಪೂ. ಸಣ್ಣ ಪುಡಿಕೆಯದು ದೊಡ್ಡ ಬಾಟಲಿಗಿಂತ ಅಗ್ಗ ಬೀಳುತ್ತದೆ, ನಂಬದಿದ್ದರೆ ಇವತ್ತೇ ಮನೆಯಲ್ಲಿ ಮಿಲಿಲೀಟರ್ ನೋಡಿ ಭಾಗಿಸಿರಿ.

ನಾಲ್ಕನೆಯದು ನಮ್ಮ ಮನೆ, ಇಳಕಲ್. ಅಪ್ಪ, ಅವ್ವ, ತಮ್ಮ, ತಮ್ಮನ ಹೆಂಡತಿ, ಅವರ ನಾಲ್ಕು ವರ್ಷದ ಮಗ. ಕಿರಾಣಿ 6,150, ಹಾಲು 1,860, ಕಾಯಿಪಲ್ಲೆ 1,400, ಹುಡುಗನ ಬಿಸ್ಕಿಟ್-ಚಿಪ್ಸು-ಚಾಕಲೇಟು 780. ಜುಲೈ ಕೊನೆಗೆ ನಾಗರ ಪಂಚಮಿ ಬಂದು ಉಂಡಿಯ ಸಾಮಾನು 1,210. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಬುಂದೆ ಉಂಡಿ ಇಲ್ಲದೆ ನಮ್ಮ ಕಡೆ ಪಂಚಮಿ ಆಗುವುದಿಲ್ಲ. ಅದನ್ನು ಲೆಕ್ಕದಿಂದ ಬಿಡಬೇಕೋ ಹಿಡಿಯಬೇಕೋ ಎಂದು ಇಂಜಿನಿಯರ್ ಬುದ್ಧಿ ಓಡಿಸುತ್ತಿದ್ದೆ. ಅವ್ವ, "ಉಂಡಿ ತಿನ್ನಾವ ಲೆಕ್ಕಾ ಹಿಡಿ, ಇಲ್ಲಾಂದ್ರ ಬಿಡು" ಅಂದಳು. ಹಿಡಿದೆ. ಒಟ್ಟು 11,400.

ಆ ನೋಟ್‌ಬುಕ್ಕನ್ನು ಬೆಂಗಳೂರಿನಲ್ಲಿ ಕಂಪ್ಯೂಟರಿಗೆ ಏರಿಸುತ್ತಿದ್ದಾಗ ಒಂದು ಸಾಲು ನೋಡಿ ಕೈ ನಿಂತಿತು. ಬೇಳೆ, ಕಾಳು ಎಲ್ಲ ಸೇರಿ ಇಡೀ ತಿಂಗಳಿಗೆ 3 ಕಿಲೋ, 360 ರೂಪಾಯಿ. ಐದು ಮಂದಿ, 31 ದಿನ. ಒಬ್ಬರಿಗೆ ದಿನಕ್ಕೆ 20 ಗ್ರಾಮೂ ಬೀಳಲಿಲ್ಲ. ಅಂದರೆ ಒಂದು ಸಣ್ಣ ಮುಷ್ಟಿ. ಹುಡುಗನ ಚಿಪ್ಸಿನ ಖರ್ಚು ಇದರ ಎರಡು ಪಟ್ಟಿಗಿಂತ ಹೆಚ್ಚು. ಇದು ನಮ್ಮ ಮನೆಯದಷ್ಟೇ ಕತೆ ಅಲ್ಲ. ದೇಶದ ಹಳ್ಳಿಗಳಲ್ಲಿ ಧಾನ್ಯದ ಪಾಲು 1999-2000ರಲ್ಲಿ ಒಟ್ಟು ಖರ್ಚಿನ ಸುಮಾರು ಶೇಕಡಾ 22 ಇದ್ದದ್ದು 2022-23ಕ್ಕೆ ಸುಮಾರು 5ಕ್ಕೆ ಬಂದಿದೆ. ಚಹಾ-ಪಾನೀಯ, ಹೊರಗಿನ ತಿಂಡಿ, ಪ್ಯಾಕೆಟ್ ತಿನಿಸುಗಳ ಪಾಲು ಶೇಕಡಾ 9ಕ್ಕಿಂತ ಮೇಲೆ ಹೋಗಿದೆ. ಪಡಿತರದ ಅಕ್ಕಿ ಪುಕ್ಕಟೆ ಬರುವುದೂ ಇದಕ್ಕೆ ಒಂದು ಕಾರಣ. ಧಾನ್ಯಕ್ಕೆ ಉಳಿದ ರೊಕ್ಕ ಬೇಳೆಗೆ ಹೋಗಬೇಕಿತ್ತು. ಎಷ್ಟೋ ಮನೆಯಲ್ಲಿ ಚಿಪ್ಸಿಗೂ ಹೋಗಿದೆ.

ಆದರೆ ನಾನು ತಿಂಗಳಿಗೆ 10,000 ಕಳಿಸುತ್ತೇನೆ, ತಮ್ಮನೂ ದುಡಿಯುತ್ತಾನೆ. ಬೇಳೆಗೆ ಕೊರತೆ ಯಾಕೆ? ಸಿಟ್ಟು ಬಂದು ಫೋನ್ ಮಾಡಿದೆ. ಅವ್ವ ಹೇಳಲಿಲ್ಲ. ಪಂಚಮಿಗೆ ಉಂಡಿ ತಿನ್ನಲು ಬರಲಾಗದವನು ಗಣೇಶ ಚೌತಿಗೆ ಬಂದಾಗ, ರಾತ್ರಿ ಎಲ್ಲರೂ ಮಲಗಿದ ಮೇಲೆ ಹೇಳಿದಳು.

2023ರಲ್ಲಿ ನನ್ನ ಕೆಲಸ ಹೋಗಿತ್ತು. ಐದು ತಿಂಗಳು ಬರಿಗೈಯಲ್ಲಿದ್ದೆ. ಮನೆಗೆ ತಿಳಿಸದೆ, ಉಳಿತಾಯದಿಂದ ರೊಕ್ಕ ಕಳಿಸುತ್ತಲೇ ಇದ್ದೆ. ಬೇರೆ ಕೆಲಸ ಸಿಕ್ಕ ಮೇಲೆ, ಎಲ್ಲ ಮುಗಿಯಿತಲ್ಲ ಎಂದು ನಗುತ್ತಾ ಹೇಳಿಬಿಟ್ಟಿದ್ದೆ. ನನಗೆ ಮುಗಿದಿತ್ತು. ಅವ್ವ ಅವತ್ತಿನಿಂದ ನಾನು ಕಳಿಸಿದ್ದರಲ್ಲಿ ಅರ್ಧವನ್ನು ಬ್ಯಾಂಕಿಗೆ ಹಾಕುತ್ತಾ ಬಂದಿದ್ದಳು. "ಕಂಪನಿಯಾವ್ರು ಮತ್ತ ಬ್ಯಾಡ ಅಂದ್ರ? ಈ ವಯಸ್ಸಿನ್ಯಾಗ ಮತ್ತ ಉದ್ರಿ ಪುಸ್ತಕದ ಮುಂದ ನಿಂದ್ರಾಕ ನನ್ನಿಂದ ಆಗೂದಿಲ್ಲ." ಹುಡುಗ ಅಳುತ್ತಾನೆಂದು ಚಿಪ್ಸು ನಿಲ್ಲಿಸಲಿಲ್ಲ. ಹಾಲು ನಿಲ್ಲಿಸಲಿಲ್ಲ. ಸಾರು ತೆಳ್ಳಗೆ ಮಾಡಿದರೆ ಯಾರೂ ಕೇಳುವುದಿಲ್ಲ, ಬೇಳೆ ಕಡಿಮೆ ಮಾಡಿದಳು. ಮೊದಲು ತನ್ನ ತಾಟಿನಲ್ಲಿ.

ಆಗ ಆ ಹಳೆಯ 340 ರೂಪಾಯಿ ನೆನಪಾಗಿ ಕೇಳಿದೆ. "ಅವತ್ತು ಲೆಕ್ಕ ತಪ್ಪಿತ್ತು, ನಿನಗ ಗೊತ್ತಿತ್ತಾ?" ಅವ್ವ ನನ್ನ ಕಡೆ ನೋಡಿ, "ಗೊತ್ತಿಲ್ದ ಏನು? ಎರಡು ತಿಂಗಳ ಬಾಕಿ ನಿಂತಿತ್ತು. ಅದು ಬಡ್ಡಿ. ಬಾಯಿ ಬಿಟ್ಟು ಕೇಳಾಕ ಅವರಿಗಿ ನಾಚಿಕಿ, ಕೊಡೂದಿಲ್ಲ ಅನ್ನಾಕ ನನಗ ಧೈರ್ಯ ಇಲ್ಲ. ಅಂವಾ ಉದ್ರಿ ನಿಲ್ಲಿಸಿದ್ರ ಆ ವಾರ ನೀ ಪರೀಕ್ಷಾಕ್ಕ ಉಂಡು ಹೋಗ್ತಿದ್ದಿಲ್ಲ" ಅಂದಳು. ಸಾಲಾ ಬಡ್ಡಿಯ ಸೂತ್ರ ನನಗೆ ಬಾಯಿಪಾಠ ಇತ್ತು. ಆ ಪುಸ್ತಕದಲ್ಲಿ ಬಡ್ಡಿ ಎಲ್ಲಿ ಕೂತಿದೆ ಎಂದು ಗೊತ್ತಿದ್ದದ್ದು ಆಕೆಗೆ. ಇದನ್ನು ವೇದಿಕೆಯ ಮೇಲೆ ಹೇಳಲಾ ಎಂದು ಕೇಳಿಯೇ ಬಂದಿದ್ದೇನೆ. "ಅಂಗಡಿಯಾವ್ರ ಹೆಸರ ಹೇಳಬ್ಯಾಡ, ನಾಕು ವರ್ಷ ಉದ್ರಿ ಕೊಟ್ಟಾರ" ಎಂಬ ಒಂದೇ ಷರತ್ತು ಹಾಕಿದಳು.

ವಿದ್ಯಾರ್ಥಿ ಮಿತ್ರರೆ, ಗಣಿತದ ಅಕ್ಕೋರ ಒಪ್ಪಿಗೆ ಪಡೆದು ಅರವತ್ತು ನೋಟ್‌ಬುಕ್ ತಂದಿದ್ದೇನೆ. ಒಂಬತ್ತನೆಯ ಇಯತ್ತೆಯವರು ಒಂದೊಂದು ತೆಗೆದುಕೊಳ್ಳಿರಿ. ಒಂದು ತಿಂಗಳು ಮನೆಗೆ ಬಂದ ಪ್ರತಿ ಸಾಮಾನು ಬರೆಯಿರಿ. ರೊಕ್ಕ ಬರೆದು ತೂಕ ಬಿಟ್ಟರೆ ಲೆಕ್ಕ ಕುಂಟುತ್ತದೆ, ತೂಕ ತಪ್ಪದೆ ಬರೆಯಿರಿ. ಹೊಲದಿಂದ ಬಂದದ್ದು, ರೇಷನ್ ಅಂಗಡಿಯಿಂದ ಬಂದದ್ದು, ಸಂಬಂಧಿಕರು ಕೊಟ್ಟದ್ದು, ಅವೂ ಇರಲಿ. ಉದ್ರಿ ತಂದದ್ದಕ್ಕೆ ಪಕ್ಕದಲ್ಲಿ ಒಂದು ಚುಕ್ಕೆ ಇಡಿರಿ. ಹೆಸರು ಬರೆಯಬೇಡಿ, ಎಷ್ಟು ಮಂದಿ ಎಂದಷ್ಟೇ ಬರೆಯಿರಿ. ಯಾರ ಮನೆಯದನ್ನೂ ಯಾರೂ ಓದಿ ಹೇಳುವುದಿಲ್ಲ, ಆ ಮಾತು ನನ್ನದು. ಅಪ್ಪ ಅವ್ವಂದಿರಿಗೆ ಬರೆಸುವ ಮನಸ್ಸಿಲ್ಲದಿದ್ದರೆ ಒತ್ತಾಯ ಬೇಡ, ಖಾಲಿ ನೋಟ್‌ಬುಕ್ಕನ್ನು ಗಣಿತಕ್ಕೆ ಬಳಸಿಕೊಳ್ಳಿರಿ.

ನಮ್ಮ ಮನೆಯ ಲೆಕ್ಕ ಇನ್ನೂ ನಡೆದಿದೆ. ಬ್ಯಾಂಕಿನ ರೊಕ್ಕಕ್ಕೆ ಬೇರೆ ವ್ಯವಸ್ಥೆ ಮಾಡಿ, ಆರು ತಿಂಗಳ ಕಿರಾಣಿಗೆ ಸಾಕಾಗುವಷ್ಟನ್ನು ಅವ್ವನ ಹೆಸರಿನಲ್ಲಿ ಠೇವಣಿ ಇಟ್ಟು ಚೀಟಿ ಆಕೆಯ ಕೈಗೆ ಕೊಟ್ಟಿದ್ದೇನೆ. ಸೆಪ್ಟೆಂಬರಿನಲ್ಲಿ ಬೇಳೆ-ಕಾಳು ನಾಲ್ಕೂವರೆ ಕಿಲೋಕ್ಕೆ ಏರಿತು. ಅಕ್ಟೋಬರಿನಲ್ಲಿ ಮತ್ತೆ ಮೂರೂವರೆಗೆ ಇಳಿದಿದೆ. ಯಾಕೆ ಎಂದು ಇವತ್ತು ಮನೆಗೆ ಹೋಗಿ ಕೇಳಬೇಕು. ಅವ್ವ ಇಲ್ಲೇ ಮೂರನೆಯ ಸಾಲಿನಲ್ಲಿ ಕೂತಿದ್ದಾಳೆ, ಈಗ ಸೆರಗು ಬಾಯಿಗೆ ಹಿಡಿದು ಬೇರೆ ಕಡೆ ನೋಡುತ್ತಿದ್ದಾಳೆ.