ಗದೆ ಹಿಡಿದ ನಾಗರತ್ನಮ್ಮ

ನಾಗಪುರದ ಲಕ್ಷ್ಮೀ ನಗರದಿಂದ ಮಾತಾಡ್ತಾ ಇದ್ದೀನಿ. ಮಿಹಾನ್‌ನಲ್ಲೋ, ಪುಣೆಯಲ್ಲೋ, ಹೈದರಾಬಾದ್‌ನಲ್ಲೋ ಕೆಲಸ ಮಾಡೋ ನಮಗೆಲ್ಲ ‘ಕಂಪನಿ’ ಅಂದ್ರೆ ಐಡಿ ಕಾರ್ಡು, ಕ್ಯಾಬು, ಅಪ್ರೈಸಲ್ಲು. ನಮ್ಮ ಅಜ್ಜಿಯರ ಕಾಲದಲ್ಲಿ ಕಂಪನಿ ಅಂದ್ರೆ ನಾಟಕ ಕಂಪನಿ. ಇವತ್ತಿನ ಮಾತು ಅಂಥ ಒಂದು ಕಂಪನಿ ಕಟ್ಟಿದ ಹೆಣ್ಣುಮಗಳ ಬಗ್ಗೆ. ಹೆಸರು ಆರ್. ನಾಗರತ್ನಮ್ಮ.

ಹುಟ್ಟಿದ್ದು 1926ರಲ್ಲಿ, ಮೈಸೂರಿನಲ್ಲಿ. ಮನೆಯಲ್ಲಿ ಬಡತನ. ಚಿಕ್ಕ ವಯಸ್ಸಿಗೇ ಬಣ್ಣ ಹಚ್ಚಿದರು. ಮುಂದೆ ಗುಬ್ಬಿ ವೀರಣ್ಣನವರ ಕಂಪನಿ, ಹಿರಣ್ಣಯ್ಯ ಮಿತ್ರ ಮಂಡಳಿ, ಹೀಗೆ ದೊಡ್ಡ ದೊಡ್ಡ ಕಂಪನಿಗಳಲ್ಲಿ ಪಾತ್ರ ಮಾಡಿದರು. ಆ ಬದುಕು ನಮಗೆ ಸ್ವಲ್ಪ ಅರ್ಥ ಆಗುತ್ತೆ. ಒಂದೂರಲ್ಲಿ ಕೆಲವು ತಿಂಗಳು ಕ್ಯಾಂಪು, ತಗಡಿನ ಥಿಯೇಟರು, ಕಲೆಕ್ಷನ್ ಇಳಿದರೆ ಪರದೆ, ಪೆಟ್ಟಿಗೆ, ಹಾರ್ಮೋನಿಯಂ ಎಲ್ಲ ಕಟ್ಟಿಕೊಂಡು ಮುಂದಿನ ಊರು. ನಾವು ರಿಲೊಕೇಶನ್ ಅಂತೀವಲ್ಲ, ಅದು ಅವರಿಗೆ ವರ್ಷಾನುಗಟ್ಟಲೆ ಅಭ್ಯಾಸ. ವ್ಯತ್ಯಾಸ ಏನಂದ್ರೆ, ನಾವು ಹೊಸ ಊರಿಗೆ ಹೋದರೆ ‘ಸಾಫ್ಟ್‌ವೇರ್‌ನವರು’ ಅಂತ ಬಾಡಿಗೆ ಮನೆ ಸುಲಭವಾಗಿ ಸಿಗುತ್ತೆ. ‘ನಾಟಕದವಳು’ ಅನ್ನೋ ಮಾತಿಗೆ ಆ ಮರ್ಯಾದೆ ಇರಲಿಲ್ಲ.

ಇಲ್ಲಿ ನಾಗಪುರದಲ್ಲಿ ಯಾವ ಮರಾಠಿ ಮನೆಯ ಹಿರಿಯರ ಮುಂದೆಯೂ ಬಾಲಗಂಧರ್ವ ಅಂತ ಹೇಳಿ ನೋಡಿ, ಮುಖ ಅರಳುತ್ತೆ. 1888ರಲ್ಲಿ ಹುಟ್ಟಿ 1967ರವರೆಗೆ ಬದುಕಿದ್ದ ಅವರು ಗಂಡಸು, ಪ್ರಸಿದ್ಧರಾಗಿದ್ದು ಸ್ತ್ರೀ ಪಾತ್ರಗಳಿಂದ. ಕನ್ನಡದ ಕಂಪನಿಗಳಲ್ಲೂ ಎಷ್ಟೋ ವರ್ಷ ಹುಡುಗರೇ ಸೀತೆ, ದ್ರೌಪದಿ. ಗಂಡು ಸೀರೆ ಉಟ್ಟರೆ ಅದು ಕಲೆ. ಹೆಣ್ಣು ಸ್ವಂತ ಸೀರೆಯಲ್ಲೇ ವೇದಿಕೆ ಹತ್ತಿದರೂ ನಡತೆ ಬಗ್ಗೆ ಮಾತು. ಈ ಲೆಕ್ಕವನ್ನ ನಾಗರತ್ನಮ್ಮ ತಿರುಗಿಸಿ ಹಾಕಿದರು. 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಪಾತ್ರಧಾರಿಗಳೆಲ್ಲ ಹೆಂಗಸರೇ. ಕಂಸ, ರಾವಣ, ದುರ್ಯೋಧನ, ಭೀಮ, ಇವು ನಾಗರತ್ನಮ್ಮನವರ ಪಾತ್ರಗಳು.

ಇದನ್ನ ಬರೀ ‘ಫ್ಯಾನ್ಸಿ ಡ್ರೆಸ್’ ಅಂದ್ಕೋಬೇಡಿ. ಹೆಂಗಸು ಮೀಸೆ ಅಂಟಿಸಿಕೊಂಡಿದ್ದಾಳೆ ಅನ್ನೋ ಕುತೂಹಲಕ್ಕೆ ಜನ ಟಿಕೆಟ್ ತಗೋಬಹುದು. ಆದ್ರೆ ಆ ಕುತೂಹಲ ಮೊದಲ ದೃಶ್ಯಕ್ಕೇ ಮುಗಿದುಹೋಗುತ್ತೆ. ಆಮೇಲೆ ರಾತ್ರಿಯೆಲ್ಲಾ ಜನರನ್ನ ಕೂರಿಸಬೇಕು. ಪೌರಾಣಿಕ ನಾಟಕದ ಭೀಮ ಅಂದ್ರೆ ಕಂದಪದ್ಯ ಎತ್ತಿ ಹಾಡಬೇಕು, ಮಾತು ಕೊನೇ ಸಾಲಿಗೆ ಮುಟ್ಟಬೇಕು, ಗದೆ ಹಿಡಿದು ಬಂದಾಗ ಯಾರೂ ನಗಬಾರದು. ಒಬ್ಬ ನಕ್ಕರೂ ದೃಶ್ಯ ಬಿದ್ದುಹೋಗುತ್ತೆ.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣೋದು ಇನ್ನೊಂದು ವಿಷಯ. ಪುರಾಣದ ನಾಟಕಗಳಲ್ಲಿ ತೂಕದ ಮಾತು, ತೂಕದ ಹಾಡು ಹೆಚ್ಚಾಗಿ ಗಂಡು ಪಾತ್ರಗಳಿಗೆ. ನಟನಿಗೆ ಐವತ್ತಾದರೂ ಅವನು ಕೃಷ್ಣನೇ. ನಟಿಗೆ ವಯಸ್ಸಾಗ್ತಿದ್ದ ಹಾಗೆ ನಾಯಕಿಯಿಂದ ತಾಯಿ, ತಾಯಿಯಿಂದ ಅಜ್ಜಿ, ಆಮೇಲೆ ಮನೆ. ಬರೀ ಹೆಂಗಸರ ತಂಡದಲ್ಲಿ ಈ ಮಿತಿಯೇ ಇಲ್ಲ. ದುರ್ಯೋಧನನಿಗೆ ಎಳೆ ವಯಸ್ಸಿನ ಅಂದ ಬೇಕಾಗಿಲ್ಲ, ಅನುಭವ ಬೇಕು. ಕಂಪನಿ ತಮ್ಮದೇ ಆದಾಗ ಪಾತ್ರ ಯಾರಿಗೆ, ಸಂಬಳ ಎಷ್ಟು ಅನ್ನೋದನ್ನ ತೀರ್ಮಾನ ಮಾಡೋ ಜಾಗದಲ್ಲೂ ಹೆಣ್ಣೇ ಕೂತಿರ್ತಾಳೆ. ನಮ್ಮ ಆಫೀಸುಗಳ ಟೀಮ್ ಫೋಟೋದಲ್ಲಿ ಎಷ್ಟು ಜನ ಹೆಂಗಸರಿದ್ದಾರೆ ಅಂತ ಎಣಿಸ್ತೀವಿ. ಅಪ್ರೈಸಲ್ ಕೋಣೆಯಲ್ಲಿ ಎಷ್ಟು ಜನ ಅಂತ ಎಣಿಸಲ್ಲ. ಅವರು ಆ ಕೋಣೆಯನ್ನೇ ಕಟ್ಟಿದರು.

ಇವರೇ ಮೊದಲು ಅಂತ ನಾನು ಹೇಳ್ತಿಲ್ಲ. ಉತ್ತರ ಕರ್ನಾಟಕದಲ್ಲಿ ಇಪ್ಪತ್ತನೇ ಶತಮಾನದ ಶುರುವಿನಲ್ಲೇ ಹೆಂಗಸರು ನಡೆಸಿದ ನಾಟಕ ಕಂಪನಿಗಳಿದ್ದವು. ‘ಮೊದಲ ಮಹಿಳೆ’ ಅನ್ನೋ ಪಟ್ಟ ಕಟ್ಟೋಕೆ ಹೋದಾಗಲೆಲ್ಲ ಅವರಿಗಿಂತ ಹಿಂದೆ ದುಡಿದವರ ಹೆಸರು ಅಳಿಸಿಹೋಗುತ್ತೆ.

ಇನ್ನು ಮನ್ನಣೆ. ಮಂಡಳಿ ಶುರುವಾಗಿದ್ದು 1958. ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂದಿದ್ದು 1992ರದ್ದು. ಪದ್ಮಶ್ರೀ 2012ರಲ್ಲಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಮಂಡಳಿ ಕಟ್ಟಿ ಐವತ್ನಾಲ್ಕು ವರ್ಷ ಆದಮೇಲೆ ಪದ್ಮಶ್ರೀ, ಅದನ್ನ ಇಟ್ಟುಕೊಂಡು ಬದುಕೋಕೆ ಕೆಲವೇ ತಿಂಗಳು.

1978ರ ‘ಪರಸಂಗದ ಗೆಂಡೆತಿಮ್ಮ’ ಸಿನಿಮಾದಲ್ಲಿ ಅವರನ್ನ ಈಗಲೂ ನೋಡಬಹುದು. ಆದ್ರೆ ತಗಡಿನ ಥಿಯೇಟರಿನ ಆ ರಾತ್ರಿಗಳನ್ನ ಯಾವ ಸರ್ವರ್‌ನಿಂದಲೂ ರಿಸ್ಟೋರ್ ಮಾಡೋಕಾಗಲ್ಲ. ಅದರ ಬ್ಯಾಕಪ್ ಇರೋದು ನೋಡಿದವರ ತಲೆಯಲ್ಲಿ ಮಾತ್ರ. ಅವರಿಗೆ ಈಗ ಎಪ್ಪತ್ತೋ ಎಂಬತ್ತೋ ಆಗಿರುತ್ತೆ.

ಅದಕ್ಕೇ ಒಂದು ಕೆಲಸ ಹೇಳ್ತೀನಿ. ಮುಂದಿನ ಸಲ ಊರಿಗೆ ಹೋದಾಗ ಅಜ್ಜಿಯನ್ನೋ ದೊಡ್ಡಮ್ಮನನ್ನೋ ಕೂರಿಸಿಕೊಂಡು ಕೇಳಿ: ಯಾವ ನಾಟಕ ನೋಡಿದ್ರಿ, ಯಾವೂರಲ್ಲಿ, ಆ ನಟಿ ಹೆಸರೇನು, ಹೇಗೆ ಹಾಡ್ತಿದ್ರು? ಫೋನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಫೈಲ್‌ಗೆ ಊರು, ತಾರೀಕು ಹಾಕಿ ಸೇವ್ ಮಾಡಿ. ದೀಪಾವಳಿಗೆ ಹೇಗೂ ಟಿಕೆಟ್ ಬುಕ್ ಮಾಡಿರ್ತೀರಲ್ಲ, ಆಗಲೇ ಕೇಳಿಬಿಡಿ.