ಹಗಲಿನ ಬಿಸಿ ಇರುಳು ಎಲ್ಲಿಗೆ ಹೋಗುತ್ತದೆ?

(ಪುಣೆಯ ಕನ್ನಡಿಗರ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾಡು ನುಡಿಗಳ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ವೇದಿಕೆಯಿಂದ ಆಗಲೇ ಮಾತನಾಡಿದ್ದಾರೆ. ನನ್ನ ಪಾಲಿಗೆ ಸಂಘದ ಕಾರ್ಯದರ್ಶಿಗಳು ಒಪ್ಪಿಸಿರುವುದು ಗಾಳಿಯ ವಿಷಯ. "ಗಾಳಿಮಾತು ಬೇಡ, ಗಾಳಿಯ ಮಾತು ಆಡಿ" ಎಂದು ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ. ಹಾಗೆಯೇ ಆಗಲಿ.

ನವೆಂಬರ್ ಬಂದರೆ ಪುಣೆಯಲ್ಲಿ ಪೆಟ್ಟಿಗೆಯ ತಳದಿಂದ ಸ್ವೆಟರುಗಳು ಮೇಲೆ ಬರುತ್ತವೆ. ದೀಪಾವಳಿಗೆ ಮುಂಬಯಿಯಿಂದ ಬಂದ ನೆಂಟರು ಬೆಳಗಿನ ಜಾವ ನಡುಗುತ್ತ, "ಮಧ್ಯಾಹ್ನ ಅಷ್ಟು ಬಿಸಿಲಿತ್ತಲ್ಲ, ಅದೆಲ್ಲ ಎಲ್ಲಿ ಹೋಯಿತು?" ಎಂದು ಕೇಳುತ್ತಾರೆ. ಬಹಳ ಒಳ್ಳೆಯ ಪ್ರಶ್ನೆ. ಇಂದಿನ ನನ್ನ ಮಾತೆಲ್ಲ ಆ ಪ್ರಶ್ನೆಗೆ ಉತ್ತರ.

ಶಾಖವು ಒಂದೆಡೆಯಿಂದ ಇನ್ನೊಂದೆಡೆಗೆ ಹೋಗುವ ದಾರಿಗಳು ಮೂರು. ಈ ಮೂರನ್ನೂ ನಮ್ಮ ಹಿರಿಯರು ಬಚ್ಚಲೊಲೆಯ ಮುಂದೆ ಕುಳಿತೇ ಕಂಡಿದ್ದರು. ಒಲೆಯೊಳಗಿಟ್ಟ ಕಬ್ಬಿಣದ ಸಲಾಕೆಯ ಹಿಡಿಯೂ ಕೆಲ ಹೊತ್ತಿಗೆ ಸುಡುತ್ತದೆ, ಅದು ವಹನ. ಹಂಡೆಯ ತಳದಲ್ಲಿ ಕಾದ ನೀರು ಮೇಲಕ್ಕೇರಿ ತಣ್ಣೀರು ಕೆಳಗಿಳಿಯುತ್ತದೆ, ಅದು ಸಂವಹನ. ಒಲೆಯ ಬಾಯೆದುರು ಕುಳಿತವನ ಮುಖ ಬೆಚ್ಚಗಾಗಿ ಬೆನ್ನು ತಣ್ಣಗೇ ಇರುತ್ತದೆ, ಅದು ವಿಕಿರಣ. ವಾಯುಮಂಡಲದಲ್ಲಿ ನಡೆಯುವುದೂ ಇವೇ ಮೂರು. ಗಾಳಿ ಶಾಖವಾಹಕವಾಗಿ ಬಲು ಸೋಮಾರಿಯಾದ್ದರಿಂದ ಮೊದಲನೆಯದರ ಆಟ ನೆಲಕ್ಕಂಟಿದ ತೆಳುಪದರದಲ್ಲಿ ಮಾತ್ರ.

ಸೂರ್ಯನ ಬೆಳಕು ಗಾಳಿಯನ್ನು ಹಾಯ್ದು ಬರುವಾಗ ಅದನ್ನು ಅಷ್ಟಾಗಿ ಕಾಯಿಸುವುದಿಲ್ಲ. ಕಾಯುವುದು ನೆಲ, ನೆಲ ಗಾಳಿಯನ್ನು ಕಾಯಿಸುತ್ತದೆ. ಒಲೆ ಕೆಳಗಿದೆ ಎಂದಾಯಿತು. ಬೆಟ್ಟ ಹತ್ತಿದರೆ ಸೂರ್ಯನಿಗೆ ಹತ್ತಿರವಾದೆವಲ್ಲ, ಚಳಿ ಏಕೆ ಎಂದು ಮಕ್ಕಳು ಕೇಳಿದರೆ ಗದರಿಸಬೇಡಿ. ಮೇಲೆ ಹೋದಷ್ಟೂ ಒಲೆಯಿಂದ ದೂರವಾದೆವು. ಅಲ್ಲದೆ ಮೇಲೇರಿದ ಗಾಳಿ ಒತ್ತಡ ಕಡಿಮೆಯಾಗಿ ಹಿಗ್ಗುತ್ತದೆ, ಹಿಗ್ಗಿದಾಗ ತಣ್ಣಗಾಗುತ್ತದೆ. ಸೈಕಲ್ಲಿನ ಟ್ಯೂಬಿನಿಂದ ಹೊರಬರುವ ಗಾಳಿ ಬೆರಳಿಗೆ ತಂಪಾಗಿ ತಾಗುವುದಿಲ್ಲವೆ? ಒಣಗಾಳಿ ಏರಿದರೆ ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ ತಣಿಯುತ್ತದೆ. ವಾಯುಮಂಡಲದ ಕೆಳಭಾಗದ ಸರಾಸರಿ ಇಳಿತ ಕಿಲೋಮೀಟರಿಗೆ 6.5 ಡಿಗ್ರಿ.

ಈ ಅಂತರಕ್ಕೆ ಮುಖ್ಯ ಕಾರಣ ನೀರಿನ ಆವಿ. ಒಂದು ಗ್ರಾಂ ನೀರು ಆವಿಯಾಗಲು ಆರುನೂರರ ಹತ್ತಿರದಷ್ಟು ಕ್ಯಾಲೊರಿ ಶಾಖ ಬೇಕು. ಮಡಕೆಯ ನೀರು ತಣ್ಣಗಿರುವುದು ಈ ಸಾಲವನ್ನು ಅದರ ಮೈಯಿಂದಲೇ ವಸೂಲು ಮಾಡುವುದರಿಂದ. ಆವಿ ಮತ್ತೆ ಹನಿಯಾದಾಗ ಸಾಲವೆಲ್ಲ ಗಾಳಿಗೆ ಹಿಂದಿರುಗುತ್ತದೆ. ಅರಬ್ಬೀ ಸಮುದ್ರದ ಮೇಲೆ ಹೀರಿದ ಶಾಖವನ್ನು ಮುಂಗಾರು ಗಾಳಿ ಖಂಡಾಲಾ ಘಟ್ಟದ ನೆತ್ತಿಯಲ್ಲಿ ಬಿಚ್ಚುತ್ತದೆ. ಲೋನಾವಳದಲ್ಲಿ ವರ್ಷಕ್ಕೆ 4,000 ಮಿಲಿಮೀಟರಿಗೂ ಮಿಕ್ಕಿ ಮಳೆ; ಘಟ್ಟದ ಈಚೆ ಪುಣೆಗೆ ಉಳಿಯುವುದು 700ರ ಆಸುಪಾಸು. ಆಗುಂಬೆಯನ್ನೂ ಚಿತ್ರದುರ್ಗವನ್ನೂ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ಇರುಳಿಗೆ ಬರೋಣ. ಸೂರ್ಯ ಮುಳುಗಿದ ಮೇಲೆ ನೆಲದ ಆದಾಯ ನಿಂತುಹೋಗುತ್ತದೆ, ಖರ್ಚು ನಿಲ್ಲುವುದಿಲ್ಲ. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ರೂಪದಲ್ಲಿ ಅದು ತನ್ನ ಶಾಖವನ್ನು ಆಕಾಶಕ್ಕೆ ಸುರಿಯುತ್ತಲೇ ಇರುತ್ತದೆ. ಈ ಕಿರಣಗಳನ್ನು ಸಾರಜನಕ, ಆಮ್ಲಜನಕಗಳು ತಡೆಯುವುದಿಲ್ಲ. ಗಾಳಿಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಅವೇ ಇದ್ದರೂ ಈ ಕೆಲಸಕ್ಕೆ ಬಾರವು. ತಡೆದು ಒಂದಷ್ಟನ್ನು ನೆಲಕ್ಕೆ ಮರಳಿಸುವುದು ನೀರಿನ ಆವಿ, ಇಂಗಾಲದ ಡೈಆಕ್ಸೈಡು ಮೊದಲಾದ ಅಲ್ಪಸಂಖ್ಯಾತರು. 1856ರಲ್ಲಿ ಅಮೆರಿಕದ ಯೂನಿಸ್ ಫೂಟ್ ಎಂಬ ಮಹಿಳೆ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲಗಳನ್ನು ತುಂಬಿ ಬಿಸಿಲಿಗಿಟ್ಟು, ಇಂಗಾಲದ ಡೈಆಕ್ಸೈಡು ಹೆಚ್ಚು ಕಾಯುವುದನ್ನು ತೋರಿಸಿದರು. 1859ರಿಂದ ಜಾನ್ ಟಿಂಡಲ್ ಈ ಅನಿಲಗಳು ಶಾಖಕಿರಣವನ್ನು ಹೀರುವುದನ್ನು ಅಳೆದರು. ಈ ಕಂಬಳಿ ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತಿತ್ತು; ಇರುವುದರಿಂದ 15 ಡಿಗ್ರಿಯ ಹತ್ತಿರವಿದೆ. ಕಾರ್ಖಾನೆಗಳ ಯುಗಕ್ಕೆ ಮುಂಚೆ ಹತ್ತು ಲಕ್ಷಕ್ಕೆ 280 ಪಾಲಿದ್ದ ಇಂಗಾಲದ ಡೈಆಕ್ಸೈಡು ಈಗ 420ನ್ನು ದಾಟಿದೆ. ಕಂಬಳಿ ಒಳ್ಳೆಯದು, ಬೇಸಗೆಯಲ್ಲಿ ಎರಡು ಹೊದೆಯುವುದು ಒಳ್ಳೆಯದಲ್ಲ.

ಮುಂಬಯಿಯ ಗಾಳಿಯಲ್ಲಿ ಸದಾ ಆವಿ, ಪಕ್ಕದಲ್ಲಿ ಸಮುದ್ರ. ಅವರ ಕಂಬಳಿ ದಪ್ಪ. ನಮ್ಮ ಚಳಿಗಾಲದ ಗಾಳಿ ಒಣ, ಆಕಾಶ ನಿರ್ಮಲ, ಕಂಬಳಿ ತೆಳು. ನೆಂಟರಿಗೆ ಇಷ್ಟು ಉತ್ತರ ಸಾಕು. ಮೇಲಂತಸ್ತಿನಲ್ಲಿ ಬಾಡಿಗೆಗಿರುವ ನಮ್ಮವರಿಗೆ ಇನ್ನೊಂದು ಮಾತು: ತಗಡಿನ ಮಾಡು ಹಗಲೆಲ್ಲ ಸುಟ್ಟರೂ ಸಂಜೆಗೆ ಬೇಗ ತಣಿಯುತ್ತದೆ, ಕಾಂಕ್ರೀಟಿನ ತಾರಸಿ ಹಗಲು ಹೀರಿದ್ದನ್ನು ನಡುರಾತ್ರಿಯವರೆಗೂ ಮಲಗಿದವರ ಮೇಲೆ ಬೀರುತ್ತಿರುತ್ತದೆ. ಮಾರ್ಚಿಯಲ್ಲೇ ತಾರಸಿಗೆ ಬಿಳಿ ಸುಣ್ಣ ಹೊಡೆಸಿದರೆ ಬಿಸಿಲು ಬಹಳಷ್ಟು ಬಂದ ದಾರಿಗೆ ಹಿಂದಿರುಗುತ್ತದೆ. ಮನೆಯ ಯಜಮಾನರು ಒಪ್ಪದಿದ್ದರೆ ಈ ಭಾಷಣದ ಪ್ರತಿಯನ್ನು ಕೊಟ್ಟು ನೋಡಿ!

ಈಗ ಪುಣೆಗೇ ಸೇರಿದ ಒಂದು ಕಥೆ. ಮೋಡವಿಲ್ಲದ, ಗಾಳಿಯಾಡದ ಇರುಳಿನಲ್ಲಿ ಅತಿ ತಣ್ಣಗಿರಬೇಕಾದದ್ದು ಯಾವುದು? ಶಾಖ ಕಳೆದುಕೊಳ್ಳುವ ನೆಲವೇ, ಅಲ್ಲವೆ? ಮೇಲೆ ಹೋದಂತೆ ಗಾಳಿ ಸ್ವಲ್ಪ ಸ್ವಲ್ಪ ಬೆಚ್ಚಗಿರಬೇಕು. ಪಠ್ಯಪುಸ್ತಕಗಳೂ ಹಾಗೆಯೇ ಹೇಳುತ್ತಿದ್ದವು. ಇಲ್ಲಿನ ಹವಾಮಾನ ಇಲಾಖೆಯಲ್ಲಿದ್ದ ಎಲ್. ಎ. ರಾಮದಾಸ್ ಅವರು ಸಿ. ವಿ. ರಾಮನ್ನರ ಬಳಿ ಕೆಲಸ ಕಲಿತವರು. ಬೆಳೆ ಬದುಕುವುದು ನೆಲದಿಂದ ಮೊಣಕಾಲೆತ್ತರದಲ್ಲಿ. ಇಲಾಖೆಯ ಉಷ್ಣಮಾಪಕಗಳಿರುವುದು ನಾಲ್ಕು ಅಡಿ ಎತ್ತರದ ಪೆಟ್ಟಿಗೆಯಲ್ಲಿ. ಆದ್ದರಿಂದ ನೆಲದ ಹತ್ತಿರದ ಗಾಳಿಯನ್ನೇ ಅಳೆಯಬೇಕೆಂದು ಅವರು ಹೊರಟರು. ಅವರೂ ಎಸ್. ಆತ್ಮನಾಥನ್ ಅವರೂ 1932ರಲ್ಲಿ ಪ್ರಕಟಿಸಿದ ಫಲಿತಾಂಶ ವಿಚಿತ್ರವಾಗಿತ್ತು: ಬರಿನೆಲದ ಮೇಲೆ ಅತಿ ತಣ್ಣನೆಯ ಗಾಳಿ ನೆಲಕ್ಕೆ ತಾಗಿ ಇಲ್ಲ, ಒಂದೆರಡು ಗೇಣು ಮೇಲಿದೆ! ಅಲ್ಲಿ ನೆಲಕ್ಕಿಂತ ಕೆಲವು ಡಿಗ್ರಿ ಕಡಿಮೆ.

ಹೊರದೇಶದ ಪಂಡಿತರು ಇದನ್ನು ಸುಲಭವಾಗಿ ಒಪ್ಪಲಿಲ್ಲ. ತಣ್ಣನೆಯ ಗಾಳಿ ಭಾರ. ಬೆಚ್ಚನೆಯದರ ಮೇಲೆ ಅದು ಕುಳಿತಿರುವುದೆಂತು, ಕೂಡಲೇ ಕುಸಿಯಬೇಕಲ್ಲ, ಅಳತೆಯೇ ತಪ್ಪಿರಬೇಕು ಎಂಬ ಸಂಶಯ. ಬರಿನೆಲದ ಮೇಲೆ ಎಚ್ಚರಿಕೆಯಿಂದ ಅಳೆದ ರಾಷ್ಕೆ ಎಂಬ ಜರ್ಮನ್ ವಿಜ್ಞಾನಿ 1957ರಲ್ಲಿ, ಅದೂ ಇದೇ ಪುಣೆಯ ನೆಲದ ಅಳತೆಗಳಿಂದ, ರಾಮದಾಸರ ಮಾತು ನಿಜವೆಂದು ತೋರಿಸಿದ ಮೇಲೆ ಸಂಶಯ ಕರಗಿತು. ಇಂದು ಆ ಪದರಕ್ಕೆ ರಾಮದಾಸ್ ಪದರ ಎಂದೇ ಹೆಸರು.

ಕಂಡದ್ದಾಯಿತು, ಕಾರಣ? ಇಲ್ಲಿ ನಮ್ಮ ಕನ್ನಡ ನಾಡಿನವರು ಬರುತ್ತಾರೆ. ಕನ್ನಡದಲ್ಲಿ ವಿಜ್ಞಾನ ಬರೆದ ಆರ್. ಎಲ್. ನರಸಿಂಹಯ್ಯನವರ ಹೆಸರನ್ನು ಹಿರಿಯರು ಬಲ್ಲರು. ಅವರ ಮಗ ರೊದ್ದಂ ನರಸಿಂಹ (1933–2020) ಬೆಂಗಳೂರಿನಲ್ಲಿ ತಮ್ಮ ಸಂಗಡಿಗರೊಡನೆ 1990ರ ದಶಕದಲ್ಲಿ ಇದರ ಗಣಿತವನ್ನು ಬಿಡಿಸಿದರು. ನೆಲಕ್ಕೆ ಅಡಿಯ ಮಣ್ಣಿನಿಂದ ಶಾಖ ಒದಗುತ್ತಿರುತ್ತದೆ. ಮೇಲಿನ ಗಾಳಿಗೆ ಅಂಥ ಆಸರೆ ಇಲ್ಲ, ಅದು ತಾನೇ ಆಕಾಶಕ್ಕೆ ಶಾಖ ಬೀರಿ ತಣಿಯುತ್ತದೆ. ನೆಲವು ಕಿರಣ ಬೀರುವುದರಲ್ಲಿ ಪರಿಪೂರ್ಣವಲ್ಲವೆಂಬ ಅಲ್ಪ ಕೊರತೆಯೂ ಇಲ್ಲಿ ದೊಡ್ಡ ಪರಿಣಾಮ ಮಾಡುತ್ತದೆ ಎಂಬುದು ಅವರ ವಾದ. ಆದರೆ 2010ರಿಂದೀಚೆಗೆ ಬೆಂಗಳೂರಿನ ಜವಾಹರಲಾಲ್ ನೆಹರು ಕೇಂದ್ರದ ಸಂಶೋಧಕರು ಬಯಲಿನಲ್ಲೂ ಪ್ರಯೋಗಶಾಲೆಯಲ್ಲೂ ಅಳೆದು, ಅಷ್ಟೇ ಸಾಲದು, ನೆಲದ ಹತ್ತಿರ ತೇಲುವ ಧೂಳಿನ ಸೂಕ್ಷ್ಮ ಕಣಗಳು ಶಾಖ ಬೀರುವುದೇ ಮುಖ್ಯ ಎಂದು ಹೇಳಿದ್ದಾರೆ. ಹಿಂದಿನವರ ಮಾತನ್ನು ಮುಂದಿನವರು ತಿದ್ದುವುದೇ ಈ ಶಾಸ್ತ್ರದ ಸಂಪ್ರದಾಯ.

ಇದು ಪಂಡಿತರ ಜಗಳವಷ್ಟೇ ಅಲ್ಲ. ಪೆಟ್ಟಿಗೆಯಲ್ಲಿ ನಾಲ್ಕು ಡಿಗ್ರಿ ಎಂದು ವರದಿ ಬಂದ ದಿನ ಗಿಡದ ಎಲೆಯ ಮಟ್ಟದಲ್ಲಿ ಅದಕ್ಕಿಂತ ಚಳಿ ಇರಬಹುದು; ರೈತನ ಒಂದು ವರ್ಷದ ದುಡಿಮೆ ಆ ಅಂತರದಲ್ಲಿದೆ. ಊರಿನವರಿಗೂ ಒಂದು ಪಾಠವಿದೆ. ಆ ಪದರದ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕುಳಿತಿರುತ್ತದೆ. ಚಳಿಗಾಲದ ಬೆಳಗ್ಗೆ ಬೀದಿಯಲ್ಲಿ ಕಸಕ್ಕೆ ಬೆಂಕಿಯಿಟ್ಟರೆ ಹೊಗೆ ಮೇಲೇರದೆ ಮನೆಗಳ ಕಿಟಕಿಯ ಮಟ್ಟದಲ್ಲೇ ಹಾಸಿಕೊಳ್ಳುತ್ತದೆ. ಉಬ್ಬಸದವರಿರುವ ಮನೆಯವರು ಬಿಸಿಲೇರುವವರೆಗೆ ಆ ಕಡೆಯ ಕಿಟಕಿ ತೆರೆಯದಿರುವುದು ಲೇಸು.

ಇಲ್ಲಿ ಕುಳಿತಿರುವ ಮಕ್ಕಳು ಈ ಪದರವನ್ನು ತಾವೇ ಹುಡುಕಬಹುದು. ಡಿಸೆಂಬರಿನಲ್ಲಿ, ಮೋಡವಿಲ್ಲದ ದಿನ ಹಿರಿಯರೊಬ್ಬರ ಜೊತೆ ಊರ ಹೊರಗಿನ ಹುಲ್ಲಿಲ್ಲದ ಬಯಲಿಗೆ ಹೋಗಿ. ಒಂದು ಕೋಲಿಗೆ ಮೂರು ಉಷ್ಣಮಾಪಕ ಕಟ್ಟಿ: ನೆಲಕ್ಕೆ ತಾಗುವಂತೆ ಒಂದು, ಒಂದೂವರೆ ಗೇಣು ಮೇಲೆ ಒಂದು, ಎದೆಯೆತ್ತರಕ್ಕೆ ಒಂದು. ಜ್ವರ ನೋಡುವುದು ಬೇಡ, ಅದು ಅಷ್ಟು ಕೆಳಗೆ ಇಳಿಯದು. ಉಷ್ಣಮಾಪಕವೂ ಆಕಾಶಕ್ಕೆ ಶಾಖ ಬೀರುವುದರಿಂದ ಪ್ರತಿಯೊಂದರ ಮೇಲೂ ಹೊಳೆಯುವ ತಗಡುಕಾಗದದ ಪುಟ್ಟ ಕೊಡೆ ಇರಲಿ. ಬೆಳಗಿನ ಐದಕ್ಕೆ, ಬಾಯಿಯ ಬಿಸಿಯುಸಿರು ತಾಗದಂತೆ ದೂರ ನಿಂತು, ಬ್ಯಾಟರಿ ಹಾಕಿ ಓದಿ ಬರೆದುಕೊಳ್ಳಿ. ಗಾಳಿ ಬೀಸುತ್ತಿದ್ದರೆ ಏನೂ ಕಾಣದು. ಮರುದಿನ ಮತ್ತೆ ಹೋಗಬೇಕು.