ಸಂಖ್ಯೆ ಕೊಟ್ಟರೆ ಸಾಲದು, ಕಾಯಬೇಕು

ಸಂಶೋಧಕರೂ ಅಧ್ಯಾಪಕರೂ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ಅಡಿಟಿಪ್ಪಣಿಯಲ್ಲಿ ಕೊಟ್ಟ ಲಿಂಕು ನಾಲ್ಕೈದು ವರ್ಷಕ್ಕೇ ಕೆಟ್ಟುಹೋಗುತ್ತದಲ್ಲ, ಡಿಒಐ ಎಂಬ ಶಾಶ್ವತ ಗುರುತಿನ ಸಂಖ್ಯೆ ಪಡೆದರೆ ಈ ಕಾಟ ತಪ್ಪುತ್ತದೆಯೇ? ತಪ್ಪುತ್ತದೆ, ಆದರೆ ಪಡೆದ ಮಾತ್ರಕ್ಕಲ್ಲ. ಪ್ರಬಂಧಕ್ಕೆ ಕೊಟ್ಟ ಸಂಖ್ಯೆ ಬದಲಾಗುವುದಿಲ್ಲ. ಪ್ರಬಂಧ ಇರುವ ವಿಳಾಸ ಬದಲಾಗುತ್ತಲೇ ಇರುತ್ತದೆ. ಎರಡನ್ನೂ ಜೋಡಿಸುವ ದಾಖಲೆಯೊಂದು ನಡುವೆ ಇದೆ. ವಿಶ್ವವಿದ್ಯಾಲಯ ತನ್ನ ಜಾಲತಾಣವನ್ನು ಹೊಸದು ಮಾಡಿದಾಗ ಆ ದಾಖಲೆಯಲ್ಲಿ ಹೊಸ ವಿಳಾಸ ಬರೆಯಬೇಕು. ಅದು ತಾನಾಗಿ ಆಗುವುದಿಲ್ಲ, ಯಾರಾದರೂ ಕೂತು ಮಾಡಬೇಕು. ಮಾಡದಿದ್ದರೆ ಡಿಒಐ ಒತ್ತಿದವರಿಗೂ ಪುಟ ಸಿಗುವುದಿಲ್ಲ. ಸಂಖ್ಯೆಯನ್ನು ಶಾಶ್ವತವಾಗಿಸುವುದು ತಂತ್ರಜ್ಞಾನ ಎಂಬ ನಂಬಿಕೆ ಎಷ್ಟು ಹೇಳಿದರೂ ಹೋಗುತ್ತಿಲ್ಲ. ಅದನ್ನು ಶಾಶ್ವತವಾಗಿಸುವುದು ನೋಡಿಕೊಳ್ಳುವವರ ದುಡಿಮೆ. ಕೆರೆ ಕಟ್ಟಿಸಿ ಹೂಳೆತ್ತದೆ ಬಿಟ್ಟರೆ ಏನಾಗುತ್ತದೋ ಇಲ್ಲಿಯೂ ಅದೇ ಆಗುತ್ತದೆ.

ಜರ್ಮನಿಯ ರೇಗನ್ಸ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯವನ್ನು ನೋಡಿ. ಅದರ ಪ್ರಕಟಣಾ ಭಂಡಾರದ ಪ್ರಬಂಧಗಳಲ್ಲಿ ಡಿಒಐ ಜೊತೆಗೆ ಯುಆರ್‌ಎನ್ ಎಂಬ ಇನ್ನೊಂದು ಗುರುತೂ ಕಾಣುತ್ತದೆ. ಅದನ್ನು ಬಿಡಿಸಿ ಓದಿದರೆ ಸಿಗುವುದು ಡಿಇ, ಅಂದರೆ ಜರ್ಮನಿ. ಆಮೇಲೆ ಬಿವಿಬಿ, ಬವೇರಿಯಾದ ಗ್ರಂಥಾಲಯಗಳ ಒಕ್ಕೂಟ. ಆಮೇಲೆ 355, ಅದೇ ಗ್ರಂಥಾಲಯದ ಸಂಖ್ಯೆ. ಪ್ರಬಂಧ ಯಾರ ಹೊಣೆ ಎಂಬುದು ಗುರುತಿನಲ್ಲೇ ಬರೆದಿದೆ. ಇದೇ ಗ್ರಂಥಾಲಯ 1997ರಲ್ಲಿ ವಿದ್ಯುನ್ಮಾನ ನಿಯತಕಾಲಿಕೆಗಳ ಪಟ್ಟಿಯೊಂದನ್ನು ಶುರುಮಾಡಿತು. ಪತ್ರಿಕೆಯ ಮುಂದೆ ಹಸಿರು ದೀಪವಿದ್ದರೆ ಎಲ್ಲರೂ ಓದಬಹುದು, ಹಳದಿಯಿದ್ದರೆ ಚಂದಾ ಕಟ್ಟಿದ ಗ್ರಂಥಾಲಯದವರು ಮಾತ್ರ, ಕೆಂಪಿದ್ದರೆ ಇಲ್ಲ. ಇಂದು ನೂರಾರು ಗ್ರಂಥಾಲಯಗಳು ಕೂಡಿ ಅದನ್ನು ತಿದ್ದುತ್ತಿವೆ. ಅಷ್ಟು ಕೈಗಳು ದಿನವೂ ದುಡಿಯುವುದರಿಂದಲೇ ಆ ಪಟ್ಟಿ ಇಷ್ಟು ವರ್ಷ ಬಾಳಿದೆ.

ಇಂಥ ಗುರುತುಗಳಿಗೆ ರಾಷ್ಟ್ರೀಯ ನೀತಿ ಬೇಕೆಂಬ ಮಾತು ಬಂದಾಗ ನಾನು ಒತ್ತಿ ಹೇಳುವುದು ಈ ದುಡಿಮೆಯನ್ನೇ. ಜರ್ಮನಿಯಲ್ಲಿ 2023ರಲ್ಲಿ ರಾಷ್ಟ್ರೀಯ ಗ್ರಂಥಾಲಯ, ಹ್ಯಾನೋವರಿನ ತಂತ್ರವಿಜ್ಞಾನ ಗ್ರಂಥಾಲಯ, ಡಿಒಐ ನೋಂದಾಯಿಸುವ ಡೇಟಾಸೈಟ್ ಮೊದಲಾದ ಸಂಸ್ಥೆಗಳು ಸೇರಿ ಇಂಥ ನೀತಿಗೆ ದಾರಿ ಹುಡುಕತೊಡಗಿದವು. ನಮ್ಮ ದೇಶದ ಪ್ರಬಂಧ ಭಂಡಾರವಾದ ಶೋಧಗಂಗಾದಲ್ಲಿಯೂ ಪಿಎಚ್‌ಡಿ ಪ್ರಬಂಧಗಳಿಗೆ 10603 ಎಂದು ಶುರುವಾಗುವ, ಹ್ಯಾಂಡಲ್ ಎಂಬ ಶಾಶ್ವತ ಗುರುತಿನ ಸಂಖ್ಯೆ ಇದೆ. ಹಾಗಾದರೆ ದೇಶಕ್ಕೆಲ್ಲ ಒಂದೇ ಸ್ವದೇಶಿ ಸಂಖ್ಯೆ ಸಾಕಲ್ಲವೇ ಎನ್ನುವವರಿದ್ದಾರೆ. ಸಾಲದು. ಸಂಶೋಧಕರಿಗೆ ಆರ್ಕಿಡ್, ಸಂಸ್ಥೆಗೆ ಆರ್‌ಒಆರ್, ಪ್ರಬಂಧಕ್ಕೆ ಡಿಒಐ ಆಗಲೇ ಜಗತ್ತಿನಾದ್ಯಂತ ಬಳಕೆಯಲ್ಲಿವೆ. ಹೊರಗಿನವರು ಬಳಸದ ಸಂಖ್ಯೆಯಿಂದ ನಮ್ಮ ಸಂಶೋಧನೆ ಹೊರಗಿನವರಿಗೆ ಸಿಗುವುದಿಲ್ಲ. ಸಂಶೋಧಕರಿಗೆ ಸಂಖ್ಯೆ ಕೊಡುವುದು ಅವರ ಮೇಲೆ ಕಣ್ಣಿಡುವ ಉಪಾಯ ಎಂಬ ಆತಂಕವೂ ಇದೆ. ಆರ್ಕಿಡ್‌ನಲ್ಲಿ ಯಾವ ವಿವರ ಯಾರಿಗೆ ಕಾಣಬೇಕೆಂದು ತೀರ್ಮಾನಿಸುವುದು ಖಾತೆದಾರರೇ. ಆದರೂ ಅಂಕಪಟ್ಟಿಯಂತೆ ಅದನ್ನು ಬಡ್ತಿಗೆ ಬಳಸಕೂಡದೆಂದು ನೀತಿಯಲ್ಲೇ ಬರೆಯುವುದು ಒಳ್ಳೆಯದು.

ಖರ್ಚಿನ ಆಕ್ಷೇಪ ಇವೆಲ್ಲಕ್ಕಿಂತ ಗಟ್ಟಿಯಾದದ್ದು. ಸಣ್ಣ ವಿಶ್ವವಿದ್ಯಾಲಯದಲ್ಲಿ ಈ ಕೆಲಸಕ್ಕೆ ಸಿಬ್ಬಂದಿ ಎಲ್ಲಿದ್ದಾರೆ? ನಿಜ, ಆದ್ದರಿಂದಲೇ ಇದು ರಾಷ್ಟ್ರದ ಕೆಲಸ. ಕೊಡಗು, ಹಾಸನ, ಚಾಮರಾಜನಗರದಂಥ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಪ್ರಸ್ತಾಪ 2025ರಲ್ಲಿ ಬಂದದ್ದು ನಿಮಗೆ ಗೊತ್ತು. ಒಂದು ವಿಶ್ವವಿದ್ಯಾಲಯ ಮುಚ್ಚಿದರೆ ಅಥವಾ ಬೇರೊಂದರಲ್ಲಿ ವಿಲೀನವಾದರೆ ಅದು ಕೊಟ್ಟ ಸಂಖ್ಯೆಗಳನ್ನು ಯಾರು ನೋಡಿಕೊಳ್ಳಬೇಕು? ಡಿಒಐಗಳ ಹೊಣೆಯನ್ನು ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ವರ್ಗಾಯಿಸಲು ಬರುತ್ತದೆ. ಆದರೆ ವಹಿಸಿಕೊಳ್ಳುವವರನ್ನು ಮೊದಲೇ ಗೊತ್ತುಮಾಡಿರಬೇಕು, ಅವರಿಗೆ ವರ್ಷವರ್ಷವೂ ಹಣ ಬರಬೇಕು. ಸಮಯ ಮುಗಿಯುತ್ತಿದೆ, ಸಲಹೆ ಚುಟುಕಾಗಿ ಹೇಳುತ್ತೇನೆ. ಸಂಶೋಧಕರು ಆರ್ಕಿಡ್ ಮಾಡಿಸಿಕೊಳ್ಳಿ, ಅದು ಉಚಿತ. ಗ್ರಂಥಪಾಲಕರು ಸಂಖ್ಯೆ ಕೊಡುವ ಮೊದಲೇ, ನಮ್ಮ ನಂತರ ಇದನ್ನು ತಿದ್ದುವವರು ಯಾರು ಎಂದು ಲಿಖಿತ ಉತ್ತರ ಪಡೆಯಿರಿ. ಉತ್ತರ ಸಿಗುವವರೆಗೂ ಕೇಳುವುದನ್ನು ಬಿಡಬೇಡಿ.